ಬರಲಿಲ್ಲವೋ, ಬಂದಿಲ್ಲವೋ? ಯುದ್ಧಕ್ಕೆ ಹೋಗಿ ಸುದ್ದಿಯಿಲ್ಲದವರಿಗೆ ಕನ್ನಡದ ಮಾತು

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ. ನಿಮ್ಮ ಸಹಾಯ ಬೇಕು.

ಒಂದು ಕಾದಂಬರಿ ಬರೆಯುತ್ತಿದ್ದೇನೆ. ಕಾಲ ಎರಡನೇ ಮಹಾಯುದ್ಧದ್ದು. ಮೈಸೂರು ಸಂಸ್ಥಾನದ ಕಾಲಾಳುಗಳ ಒಂದು ಪಟಾಲಂ ಆಗ ಸಿಂಗಪುರದಲ್ಲಿತ್ತು, ವಿಮಾನ ನಿಲ್ದಾಣಗಳ ಕಾವಲಿಗೆ. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿನ ಕೈಸೇರಿತು. ಸುಮಾರು 40,000 ಭಾರತೀಯ ಸೈನಿಕರು ಸೆರೆ ಸಿಕ್ಕರು. ಆಮೇಲೆ ಎಷ್ಟೋ ಮನೆಗಳಿಗೆ ಕಾಗದವೇ ಇಲ್ಲ. ಸಿಂಗಪುರದ ಕ್ರಾಂಜಿಯಲ್ಲಿ ಒಂದು ಸ್ಮಾರಕ ಇದೆ. ಸಮಾಧಿ ಎಲ್ಲಿದೆ ಅಂತ ಗೊತ್ತಿಲ್ಲದ 24,000ಕ್ಕೂ ಹೆಚ್ಚು ಜನರ ಹೆಸರುಗಳನ್ನು ಅದರ ಗೋಡೆಗಳ ಮೇಲೆ ಕೆತ್ತಿದ್ದಾರೆ. ನನ್ನ ಕಥೆಯ ಸಿಪಾಯಿ ಕಲ್ಪನೆಯವನು. ಆದರೆ ಅಂಥವರಲ್ಲೇ ಒಬ್ಬ. ಊರು ಹಾಸನದ ಕಡೆಯದು. ಹೆಂಡತಿಗೆ ಇಪ್ಪತ್ತು ವರ್ಷ, ಓದು ಬರಹ ಬಾರದು.

ಸೈನ್ಯದ ಕಾಗದಪತ್ರಗಳಲ್ಲಿ ಇಂಥವನಿಗೆ ‘ಮಿಸ್ಸಿಂಗ್’ ಅಂತ ಬರೆಯುತ್ತಿದ್ದರು. ಇದಕ್ಕೆ ಕನ್ನಡದಲ್ಲಿ ಏನನ್ನಬೇಕು?

ಮೊದಲು ‘ನಾಪತ್ತೆ’ ಅಂತ ಬರೆದೆ. ಓದಿ ನೋಡಿದರೆ ಮನಸ್ಸಿಗೆ ಒಗ್ಗಲಿಲ್ಲ. ‘ಸಾಲ ಮಾಡಿ ನಾಪತ್ತೆಯಾದ’ ಅಂತೀವಿ. ‘ಮದುವೆ ಹಿಂದಿನ ದಿನ ಹುಡುಗ ನಾಪತ್ತೆ’ ಅಂತೀವಿ. ಹೋದವನದೇ ಏನೋ ತಪ್ಪು ಅನ್ನುವ ವಾಸನೆ ಆ ಪದಕ್ಕೆ ಅಂಟಿಕೊಂಡಿದೆ. ನನ್ನ ಕಥೆಯಲ್ಲಿ ಅದು ಒಂದು ಕಡೆ ಮಾತ್ರ ಹೊಂದುತ್ತದೆ. ಸಿಂಗಪುರದಲ್ಲಿ ಸೆರೆ ಸಿಕ್ಕವರಲ್ಲಿ ಸಾವಿರಾರು ಜನ ಆಜಾದ್ ಹಿಂದ್ ಫೌಜು ಸೇರಿದರು. ಊರಿಗೆ ಆ ಗಾಳಿಸುದ್ದಿ ಬಂದಾಗ ಶಾನುಭೋಗರು ಜಗಲಿ ಮೇಲೆ ಕೂತು, ‘ಹುಡುಗ ನಾಪತ್ತೆಯಂತಲ್ಲ’ ಅನ್ನುತ್ತಾರೆ. ಅಲ್ಲಿ ಆ ಪದವೇ ಬೇಕು. ಹೆಂಡತಿಯ ಬಾಯಲ್ಲಿ ಬೇಡ.

‘ಕಾಣೆಯಾಗಿದ್ದಾರೆ’ ಅಂದರೆ ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಫೋಟೋ ನೆನಪಾಗುತ್ತದೆ. ‘ಕಣ್ಮರೆ’ ಅನ್ನೋದು ಹಾಡಿನ ಮಾತು. ‘ದೇಶಾಂತರ ಹೋದ’ ಅನ್ನುವ ಹಳೆಯ ಮಾತು ನನಗೆ ತುಂಬಾ ಇಷ್ಟ, ಆದರೆ ಮನೆಯಲ್ಲಿ ಜಗಳ ಆಡಿಕೊಂಡು ಹೊರಟವನಿಗೆ ಅದು ಸರಿ. ಇವನು ಹಾಗೆ ಹೋದವನಲ್ಲ. ಹೊಸಿಲು ದಾಟುವಾಗ ‘ಹೋಗಿ ಬರ್ತೀನಿ’ ಅಂತಲೇ ಹೇಳಿ ಹೋದವನು.

ಹಾಗೆ ಹುಡುಕುವಾಗ ನಮ್ಮ ಅಜ್ಜಿಯ ಮಾತು ನೆನಪಾಯಿತು. ಅಜ್ಜಿಯ ಅಣ್ಣ ಸಣ್ಣ ವಯಸ್ಸಿನಲ್ಲೇ ದಂಡಿಗೆ ಸೇರಿ ಹೋದವರು. ನಾನು ಚಿಕ್ಕವಳಿದ್ದಾಗ ‘ಅವರು ಏನಾದರು ಅಜ್ಜಿ?’ ಅಂತ ಕೇಳುತ್ತಿದ್ದೆ. ಅಜ್ಜಿ ಯಾವಾಗ ಕೇಳಿದರೂ ಒಂದೇ ಮಾತು ಹೇಳುತ್ತಿದ್ದರು: ‘ಅಣ್ಣಯ್ಯ ಬಂದಿಲ್ಲ ಕಣವ್ವ.’ ಬರಲಿಲ್ಲ ಅಂತ ಒಂದು ದಿನವೂ ಅನ್ನಲಿಲ್ಲ. ಆಗಲೇ ಹತ್ತಿರ ಹತ್ತಿರ ನಲವತ್ತು ವರ್ಷ ಆಗಿತ್ತು.

ಈ ಎರಡು ರೂಪ ನೋಡಿ. ‘ಬರಲಿಲ್ಲ’ ಅಂದರೆ ಲೆಕ್ಕ ಮುಗಿಯಿತು. ಬರಬೇಕಾದ ಹೊತ್ತು ಕಳೆದಿದೆ, ಬಾಗಿಲು ಹಾಕಿದೆ. ‘ಬಂದಿಲ್ಲ’ ಅಂದರೆ ಹೊತ್ತು ಇನ್ನೂ ನಡೆಯುತ್ತಿದೆ. ‘ಹಾಲಿನವನು ಬಂದಿಲ್ಲ’ ಅಂದವರು ಪಾತ್ರೆ ತೊಳೆದು ಇಟ್ಟಿರುತ್ತಾರೆ. ‘ಹಾಲಿನವನು ಬರಲಿಲ್ಲ’ ಅಂದವರು ಅಂಗಡಿಗೆ ಹೊರಟಿರುತ್ತಾರೆ. ದಿನಾ ಆಡುವ ಮಾತು, ಯಾರೂ ನಮಗೆ ಕೂರಿಸಿ ಕಲಿಸಿಲ್ಲ. ಅಜ್ಜಿ ತನ್ನ ಅಣ್ಣನನ್ನು ಅಷ್ಟು ವರ್ಷ ಆ ಒಂದು ಕ್ರಿಯಾಪದದಲ್ಲೇ ಉಳಿಸಿಕೊಂಡಿದ್ದರು. ಇದು ಹೊಳೆದ ದಿನ ನನಗೆ ಮುಂದೆ ಬರೆಯಲು ಆಗಲಿಲ್ಲ.

ಹಳಗನ್ನಡದ ‘ಬಾರರು’ ಕೂಡ ಯೋಚಿಸಿದೆ. ಅದಕ್ಕೆ ಕಾಲವೇ ಇಲ್ಲ. ನಿನ್ನೆಯೂ ಬಾರರು, ನಾಳೆಯೂ ಬಾರರು. ಅರ್ಥ ಎಷ್ಟು ಚೆನ್ನಾಗಿದ್ದರೂ 1942ರ ಹಳ್ಳಿಯ ಹೆಂಗಸು ಹಾಗೆ ಮಾತಾಡುವುದಿಲ್ಲ ಅಲ್ವಾ?

ಇನ್ನು ಆಕೆಯನ್ನು ಏನಂತ ಕರೆಯೋದು? ಮುತ್ತೈದೆ ಅನ್ನಬೇಕು, ಇಲ್ಲ ವಿಧವೆ ಅನ್ನಬೇಕು. ನಡುವೆ ಏನೂ ಇಲ್ಲ. ಗಂಡ ದೂರದಲ್ಲಿರುವವಳಿಗೆ ಕಾವ್ಯದಲ್ಲಿ ‘ಪ್ರೋಷಿತಪತಿಕೆ’ ಅಂತಾರೆ, ಆದರೆ ಆ ಗಂಡ ಬದುಕಿದ್ದಾನೆ ಅಂತ ಗೊತ್ತಿರುತ್ತದೆ. ಕಾಶ್ಮೀರದ ಸುದ್ದಿಗಳಲ್ಲಿ ಈಚೆಗೆ ‘ಅರ್ಧ ವಿಧವೆ’ ಅಂತ ಬರೆಯುತ್ತಾರೆ. ಅದು ಹೊರಗೆ ನಿಂತವರು ಇಟ್ಟ ಹೆಸರು. ಕಾನೂನು ಏಳು ವರ್ಷ ಅನ್ನುತ್ತದೆ. ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ, ಬದುಕಿದ್ದಾನೆ ಅನ್ನುವವರೇ ಅದನ್ನು ಸಾಬೀತು ಮಾಡಬೇಕು. ಶಾಸ್ತ್ರ ಹನ್ನೆರಡು ವರ್ಷ ಕಾದು, ಮುತ್ತುಗದ ಎಲೆಯ ಬೊಂಬೆ ಮಾಡಿ ಸುಡಿ ಅನ್ನುತ್ತದೆ. ಆ ವರ್ಷಗಳಲ್ಲಿ ಅವಳು ಯಾರು? ಅಕ್ಕಪಕ್ಕದವರು ಅರಿಶಿನ ಕುಂಕುಮಕ್ಕೆ ಕರೆಯುವಾಗ ಒಂದು ಗಳಿಗೆ ತಡೆದು ಕರೆಯುತ್ತಾರಲ್ಲ, ಆ ತಡೆಗೆ ನಿಮ್ಮ ಕಡೆ ಏನಾದರೂ ಮಾತಿದೆಯೇ?

ಈಗ ಮನೆಯ ಗುಟ್ಟಿನ ವಿಷಯ. ‘ರಹಸ್ಯ’ ಅಂತ ಬರೆಯಲು ಮನಸ್ಸು ಬರಲಿಲ್ಲ. ರಹಸ್ಯ ಪತ್ತೇದಾರಿ ಕಥೆಗೆ. ‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಅನ್ನುವ ಜನ ನಾವು, ನಮ್ಮದು ಗುಟ್ಟೇ. ಕಥೆಯಲ್ಲಿ ಮೊದಲು ಬಂದ ತಂತಿಯನ್ನು ಮಾವ ಎಲ್ಲರ ಮುಂದೆ ಓದಿಸುತ್ತಾರೆ. ಯುದ್ಧ ಮುಗಿದ ಮೇಲೆ ಇನ್ನೊಂದು ಕಾಗದ ಬರುತ್ತದೆ, ಸತ್ತಿದ್ದಾನೆಂದು ತಿಳಿಯಬೇಕು ಅಂತ. ಅದನ್ನು ಮಾವ ಅಟ್ಟದ ಮೇಲಿನ ಟ್ರಂಕಿನಲ್ಲಿ ಇಡುತ್ತಾರೆ. ಮೊದಲು ಬರೆದದ್ದು ‘ಕಾಗದವನ್ನು ಮುಚ್ಚಿಟ್ಟರು’ ಅಂತ. ತಪ್ಪು ಅನಿಸಿತು. ಕಾಗದವನ್ನು ಬಚ್ಚಿಡುತ್ತಾರೆ, ಸಾವನ್ನು ಮುಚ್ಚಿಡುತ್ತಾರೆ. ವಸ್ತುವಿಗೆ ಬಚ್ಚಿಡು, ವಿಷಯಕ್ಕೆ ಮುಚ್ಚಿಡು. ನನಗೆ ಹೀಗೆ ಕೇಳಿಸುತ್ತದೆ, ನಿಮಗೂ ಹಾಗೇನಾ?

ಆಮೇಲೆ ತಿಂಗಳು ತಿಂಗಳು ಪಿಂಚಣಿ ಬರುತ್ತದೆ. ಮಾವ ಸೊಸೆಯ ಹತ್ತಿರ ಅದಕ್ಕೆ ‘ಸಂಬಳ’ ಅನ್ನುತ್ತಾರೆ. ‘ನಿನ್ನ ಗಂಡನ ಸಂಬಳ ಬಂತಮ್ಮ, ಹೆಬ್ಬೆಟ್ಟು ಒತ್ತು ಬಾ.’ ಅವಳು ಒತ್ತುತ್ತಾಳೆ. ಬೆರಳಿನ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು ಒಳಗೆ ಹೋಗುತ್ತಾಳೆ, ಹಣೆಯಲ್ಲಿ ಕುಂಕುಮ ಹಾಗೇ ಇದೆ. ಒಂದು ಪದ ಬದಲಾಯಿಸಿ ಒಬ್ಬ ಮುದುಕ ಸತ್ತ ಮಗನನ್ನು ಹತ್ತು ವರ್ಷ ಬದುಕಿಸಿಟ್ಟ. ಆ ಮುದುಕನ ಮೇಲೆ ನನಗೆ ಸಿಟ್ಟೂ ಇದೆ, ಕನಿಕರವೂ ಇದೆ. ಆಗಿನ ಹಳ್ಳಿಗಳಲ್ಲಿ ಪಿಂಚಣಿಗೆ ಬೇರೆ ಹೆಸರು ಇತ್ತೇ? ಹಿರಿಯರಿಂದ ಕೇಳಿದ್ದರೆ ಹೇಳಿ.

ಕೊನೆಗೆ ನಾನು ಸಿಕ್ಕಿಹಾಕಿಕೊಂಡಿರುವ ಜಾಗ. ಮಾವ ತೀರಿಕೊಂಡ ಮೇಲೆ ಹೆಂಚು ಇಳಿಸುವಾಗ ಟ್ರಂಕು ಸಿಗುತ್ತದೆ. ಮೈದುನನ ಮಗ ಸ್ಕೂಲಿಗೆ ಹೋಗುವ ಹುಡುಗ, ಕಾಗದ ಓದಿ ಹೇಳುತ್ತಾನೆ. ಅವಳು ಕೇಳಿಸಿಕೊಂಡು ಸುಮ್ನೆ ಕೂರುತ್ತಾಳೆ. ಸಂಜೆ ಪಕ್ಕದ ಮನೆಯವರು ಬಂದು ‘ಏನಂತಮ್ಮ?’ ಅಂತ ಕೇಳುತ್ತಾರೆ. ಒಂದು ಪ್ರತಿಯಲ್ಲಿ ಅವಳು ‘ಬರಲಿಲ್ಲ’ ಅನ್ನುತ್ತಾಳೆ. ಇನ್ನೊಂದರಲ್ಲಿ, ಎಲ್ಲ ತಿಳಿದ ಮೇಲೂ, ‘ಇನ್ನೂ ಬಂದಿಲ್ಲ’ ಅನ್ನುತ್ತಾಳೆ. ಎರಡೂ ಬರೆದಿಟ್ಟಿದ್ದೇನೆ. ಧಾರವಾಡ, ಕುಂದಾಪುರ, ಬಳ್ಳಾರಿ ಕಡೆಯವರು ದಯವಿಟ್ಟು ಹೇಳಿ: ನಿಮ್ಮ ಮಾತಿನಲ್ಲಿ ಈ ಎರಡಕ್ಕೂ ಇಷ್ಟೇ ದೂರ ಇದೆಯೇ? ನಿಮ್ಮ ಮನೆಯ ಹಿರಿಯ ಹೆಂಗಸೊಬ್ಬರನ್ನು ಆ ಜಗಲಿಯಲ್ಲಿ ಕೂರಿಸಿ ನೋಡಿ. ಅವರ ಬಾಯಿಂದ ಯಾವುದು ಬರುತ್ತದೆ?