ನಂಬರ್ ಇಲ್ಲ, ಕಾಗದ ಇಲ್ಲ: ಹಳೇ ಡ್ರ್ಯಾಗ್‌ಸ್ಟರ್ ಚಾಸಿಯ ಮೂಲ ಹುಡುಕುವುದು ಹೇಗೆ?

ಫ್ರೀಮಾಂಟ್ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ಹಿಂದೆ ಇಲ್ಲೇ ಒಂದು ಡ್ರ್ಯಾಗ್ ಸ್ಟ್ರಿಪ್ (ನೇರ ದಾರಿಯಲ್ಲಿ ಗಾಡಿ ಓಡಿಸುವ ರೇಸ್ ಟ್ರ್ಯಾಕ್) ಇತ್ತು, ಈಗಿಲ್ಲ. ಹತ್ತಿರದ ಊರಿನ ಒಂದು ಗ್ಯಾರೇಜಿನಿಂದ, ಅಂಥ ರೇಸಿಗೆಂದೇ ಕಟ್ಟಿದ ಹಳೇ ಡ್ರ್ಯಾಗ್‌ಸ್ಟರ್ ಗಾಡಿಯ ಚಾಸಿ, ಅಂದರೆ ಪೈಪಿನ ಚೌಕಟ್ಟು, ಕೊಂಡಿದ್ದೇನೆ. ಎಂಜಿನ್ ಮುಂದೆ, ಡ್ರೈವರ್ ಹಿಂದೆ ಕೂರುವ ಮಾದರಿ. ಎಂಜಿನ್ ಬಂದಿಲ್ಲ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 150 ಇಂಚು. ಮೇಲೆ ಕೆಂಪು ಪೇಂಟ್, ಒಳಗೆ ಬೇರೆ ಬಣ್ಣಗಳೂ ಇದ್ದ ಹಾಗಿದೆ. ಮಾರಿದವರು ಹೇಳಿದ್ದಿಷ್ಟು: 392 ಹೆಮಿ ಅನ್ನುವ ಕ್ರೈಸ್ಲರ್‌ನ ದೊಡ್ಡ ಎಂಜಿನ್ ಹಾಕಿಕೊಂಡು, 1961ರಲ್ಲಿ ಎನ್‌ಎಚ್‌ಆರ್‌ಎ (ಅಮೆರಿಕದ ಡ್ರ್ಯಾಗ್ ರೇಸಿಂಗ್ ಸಂಸ್ಥೆ) ನಡೆಸಿದ ನ್ಯಾಷನಲ್ಸ್ ಪಂದ್ಯದಲ್ಲಿ ನೈಟ್ರೋ (ನೈಟ್ರೋಮೀಥೇನ್ ಇಂಧನ) ಸುರಿದು ಓಡಿಸಿದ ಗಾಡಿ ಇದು. ಚಾಸಿ ನಂಬರ್ ಎಲ್ಲೂ ಕಾಣುತ್ತಿಲ್ಲ. ಸ್ಯಾಂಡ್‌ಬ್ಲಾಸ್ಟ್ ಮಾಡಿಸಿ ಪೇಂಟ್ ಪೂರ್ತಿ ತೆಗೆಸಿದರೆ ನಂಬರ್ ಸಿಗಬಹುದಾ?

ಹಳೇ ಕಬ್ಬಿಣ:
ಸರ್, ಸ್ಯಾಂಡ್‌ಬ್ಲಾಸ್ಟ್ ಮಾತ್ರ ದಯವಿಟ್ಟು ಬೇಡ. ನಿಮ್ಮ ಹತ್ತಿರ ಇರುವ ದಾಖಲೆ ಅಂದರೆ ಆ ಪೇಂಟೇ.

ನಂಬರ್ ಸಿಗದಿದ್ದರೆ ಬೇಜಾರಾಗಬೇಡಿ. ರಸ್ತೆ ಕಾರಿಗೆ ಕಾರ್ಖಾನೆಯವರು ನಂಬರ್ ಹೊಡೆಯುತ್ತಾರೆ. ಇವು ಕೆಂಟ್ ಫುಲ್ಲರ್, ವುಡಿ ಗಿಲ್ಮೋರ್ ಅಂಥವರ ಶೆಡ್ಡುಗಳಲ್ಲಿ, ಕಾರ್ಲ್ಸ್‌ಬ್ಯಾಡ್‌ನ ಡ್ರ್ಯಾಗ್‌ಮಾಸ್ಟರ್‌ನಲ್ಲಿ, ಎಷ್ಟೋ ಸಲ ಮನೆಯ ಹಿತ್ತಲಲ್ಲೇ ಬೆಸುಗೆ ಹಾಕಿಸಿಕೊಂಡ ಗಾಡಿಗಳು.

ಮಾರಿದವರ ಕಥೆಗೆ ಬರೋಣ. ಅದು ನಿಲ್ಲುವುದಿಲ್ಲ. ಎನ್‌ಎಚ್‌ಆರ್‌ಎ 1957ರಲ್ಲೇ ನೈಟ್ರೋ ನಿಷೇಧಿಸಿತ್ತು. ಮತ್ತೆ ಒಳಗೆ ಬಿಟ್ಟಿದ್ದು 1963ರ ವಿಂಟರ್‌ನ್ಯಾಷನಲ್ಸ್ ಪಂದ್ಯದಲ್ಲಿ. ಅಲ್ಲಿ ಟಾಪ್ ಫ್ಯೂಯೆಲ್, ಅಂದರೆ ನೈಟ್ರೋ ಡ್ರ್ಯಾಗ್‌ಸ್ಟರ್‌ಗಳ ವರ್ಗ, ಗೆದ್ದವರು ರೇಸರ್ ಡಾನ್ ಗಾರ್ಲಿಟ್ಸ್. ಹಾಗಿದ್ದ ಮೇಲೆ 1961ರ ನ್ಯಾಷನಲ್ಸ್‌ನಲ್ಲಿ ನೈಟ್ರೋ ಎಲ್ಲಿಂದ ಬರಬೇಕು? ವೀಲ್‌ಬೇಸ್ ಕೂಡ ಬೇರೆಯದೇ ಹೇಳುತ್ತದೆ. ಅರವತ್ತರ ದಶಕದ ಶುರುವಿನಲ್ಲಿ ಇವು 100 ಇಂಚಿನ ಆಸುಪಾಸಿನಲ್ಲಿದ್ದವು, ದಶಕ ಮುಗಿಯುವಷ್ಟರಲ್ಲಿ 200 ದಾಟಿದವು. 150 ಅಂದರೆ ನಡುವಿನ ವರ್ಷಗಳದ್ದು ಅನ್ನಬಹುದು. ಆದರೆ ಗಿಡ್ಡ ಚಾಸಿಯನ್ನು ಕತ್ತರಿಸಿ ಉದ್ದ ಮಾಡುವುದೂ ಇತ್ತು. ಅದಕ್ಕೆ ಕೆಳಗಿನ ಪೈಪುಗಳ ಮೇಲೆ ಬೆರಳಾಡಿಸಿ, ನಡುವೆ ಎಲ್ಲಾದರೂ ಜೋಡಣೆ ಇದೆಯಾ ನೋಡಿ.

ಆಮೇಲೆ ಎಂಜಿನ್ ಕೂರುವ ಜಾಗ. 392 ಹೆಮಿ ಉದ್ದ, ಶೆವಿ ಸ್ಮಾಲ್ ಬ್ಲಾಕ್ (ಶೆವರ್ಲೆಯ ಸಣ್ಣ ವಿ8 ಎಂಜಿನ್) ಗಿಡ್ಡ. ಎಂಜಿನ್ ಪ್ಲೇಟ್ ಬಿಗಿಯುವ ಕಿವಿಗಳು ಪೈಪಿಗೆ ಬೆಸೆದಿರುತ್ತವೆ. ಮುಂದಿನದಕ್ಕೂ ಹಿಂದಿನದಕ್ಕೂ ಎಷ್ಟು ಅಂತರ ಅಳೆಯಿರಿ. ಎಂಜಿನ್ ಬದಲಿಸಿದ್ದರೆ ಹಳೇ ಕಿವಿ ಕೊಯ್ದು ಗ್ರೈಂಡ್ ಮಾಡಿದ ಗುರುತು ಇದ್ದೇ ಇರುತ್ತದೆ, ಪೇಂಟ್ ಕೆಳಗೂ ಕೈಗೆ ತಗಲುತ್ತದೆ. ಅಲ್ಯೂಮಿನಿಯಂ ಬಾಡಿಯ ಅಂಚಿನಲ್ಲಿ ಕಾಲು ಸುತ್ತು ತಿರುಗಿಸಿ ಬಿಗಿಯುವ ಸ್ಕ್ರೂಗಳಿರುತ್ತವಲ್ಲ, ಅವುಗಳ ತೂತುಗಳನ್ನೂ ಚಾಸಿಯ ಮೇಲಿನ ತೂತುಗಳ ಜೊತೆ ತಾಳೆ ಹಾಕಿ. ಚಾಸಿಯಲ್ಲಿ ತೂತು ಜಾಸ್ತಿ ಇದ್ದರೆ ಮೊದಲು ಬೇರೆ ಬಾಡಿ ಇತ್ತು ಅಂತ ಅರ್ಥ.

ಕೊನೆಗೆ ಪೇಂಟ್. ಡ್ರೈವರ್ ಪಕ್ಕದ ಬಾಡಿ ಮೇಲೆ, ಎಡಗಡೆ ಮಾತ್ರ, 600 ನಂಬರಿನ ವಾಟರ್ ಪೇಪರ್ ಹಿಡಿದು ನೀರು ಹಾಕಿಕೊಂಡು ನಿಧಾನಕ್ಕೆ ತಿಕ್ಕಿ. ಮರ ಕೊಯ್ದಾಗ ಕಾಣುವ ಸುತ್ತುಗಳ ಹಾಗೆ ಒಂದೊಂದೇ ಬಣ್ಣ ಬಿಚ್ಚಿಕೊಳ್ಳುತ್ತದೆ. ಅಕ್ಷರದ ಅಂಚು ಸಿಕ್ಕಿದ ಕೂಡಲೇ ನಿಲ್ಲಿಸಿ, ಫೋಟೋ ತೆಗೆಯಿರಿ.

ಫ್ರೀಮಾಂಟ್ ಕನ್ನಡಿಗ:
ಸರ್, ಎಲ್ಲಾ ನೋಡಿದೆ. ಪೈಪುಗಳಲ್ಲಿ ಜೋಡಣೆ ಇಲ್ಲ. ಎಂಜಿನ್ ಕಿವಿಗಳು ಒಂದೇ ಜೊತೆ, ಸುತ್ತಮುತ್ತ ಗ್ರೈಂಡ್ ಮಾಡಿದ ಗುರುತೇ ಇಲ್ಲ. ಗೆಳೆಯನ ಹತ್ತಿರ ಇದ್ದ ಶೆವಿ ಸ್ಮಾಲ್ ಬ್ಲಾಕ್ ತಂದು ಅಳತೆ ನೋಡಿದರೆ ಸರಿಯಾಗಿ ಕೂರುತ್ತದೆ. ಕೆಂಪಿನ ಕೆಳಗೆ ಬೂದು ಪ್ರೈಮರ್, ಅದರ ಕೆಳಗೆ ಮಿರುಗುವ ನೀಲಿ. ನೀಲಿಯ ಮೇಲೆ ಬಿಳಿಯಲ್ಲಿ ಸಿ/ಡಿ ಅಂತ ಬರೆದಿದೆ. ಪಕ್ಕದಲ್ಲೊಂದು ನಂಬರ್, ಮೊದಲ ಅಂಕಿ 7. ಉಳಿದದ್ದು ಓದೋಕೆ ಆಗುತ್ತಿಲ್ಲ.

ಹಳೇ ಕಬ್ಬಿಣ:
ತುಂಬಾ ಖುಷಿಯಾಯ್ತು! ನಿಮ್ಮ ಗಾಡಿ ಈಗ ತಾನೇ ಮಾತಾಡುತ್ತಿದೆ. ಸಿ/ಡಿ ಅಂದರೆ ಸಿ ಡ್ರ್ಯಾಗ್‌ಸ್ಟರ್ ಕ್ಲಾಸ್, ಬ್ಲೋವರ್ (ಎಂಜಿನ್‌ಗೆ ಗಾಳಿ ಒತ್ತುವ ಯಂತ್ರ) ಇಲ್ಲದ ಸಣ್ಣ ಎಂಜಿನ್‌ಗಳದ್ದು. ಕಿವಿಗಳ ಲೆಕ್ಕಕ್ಕೂ ಇದು ಹೊಂದುತ್ತದೆ. ಆ ನಂಬರುಗಳಲ್ಲಿ ಸಾಮಾನ್ಯವಾಗಿ ಮೊದಲ ಅಂಕಿ ಎನ್‌ಎಚ್‌ಆರ್‌ಎ ವಲಯದ್ದು. 7 ಅಂದರೆ ಪೆಸಿಫಿಕ್ ವಲಯ, ಕ್ಯಾಲಿಫೋರ್ನಿಯಾ ಅದರೊಳಗೇ ಬರುತ್ತದೆ. ಹೆಮಿ ಈ ಚಾಸಿಯಲ್ಲಿ ಯಾವತ್ತೂ ಕೂತಿರಲಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಇನ್ನು ಹಳೇ ಪತ್ರಿಕೆ ಹಿಡಿಯಿರಿ. 'ಡ್ರ್ಯಾಗ್ ನ್ಯೂಸ್', 'ನ್ಯಾಷನಲ್ ಡ್ರ್ಯಾಗ್‌ಸ್ಟರ್' ಎರಡರಲ್ಲೂ ಸಣ್ಣ ಅಕ್ಷರದ ಫಲಿತಾಂಶಗಳನ್ನು ಓದಿ. ದೊಡ್ಡ ಫೋಟೋಗಳೆಲ್ಲ ಟಾಪ್ ಫ್ಯೂಯೆಲ್‌ನವರಿಗೆ. ನಿಮ್ಮವರ ಹೆಸರು ಸಿಗುವುದು ಆ ಸಾಲುಗಳಲ್ಲೇ. ಮಾರಾಟದ ಜಾಹೀರಾತುಗಳನ್ನೂ ಬಿಡಬೇಡಿ, ಎಂಜಿನ್ ಬಿಟ್ಟು ಬರೀ ಚಾಸಿ ಮಾರುವುದು ಆಗ ಮಾಮೂಲು. 1971ರಲ್ಲಿ ಗಾರ್ಲಿಟ್ಸ್ ಎಂಜಿನ್ ಹಿಂದಿಟ್ಟು ಗೆಲ್ಲತೊಡಗಿದ ಮೇಲಂತೂ ಇಂಥ ಚಾಸಿಗಳನ್ನು ಕೇಳುವವರೇ ಕಡಿಮೆಯಾದರು. ಆಮೇಲಿನ ವರ್ಷಗಳ ಸುದ್ದಿ ಸಿಗದಿದ್ದರೆ ಕಾರಣ ಅದೇ ಇರಬಹುದು.

ಕ್ವಾರ್ಟರ್ ಮೈಲಿ:
ನಡುವೆ ಬಾಯಿ ಹಾಕುತ್ತಿದ್ದೇನೆ. ಬೇಕರ್ಸ್‌ಫೀಲ್ಡ್ ಹತ್ತಿರದ ಫಮೋಸೊ ಟ್ರ್ಯಾಕಿನಲ್ಲಿ ಹಳೇ ರೇಸರುಗಳೆಲ್ಲ ಸೇರುವ ಕೂಟಗಳು ನಡೆಯುತ್ತವೆ. ಅಲ್ಲಿಗೆ ಫೋಟೋ ಒಯ್ಯಿರಿ. ಆದರೆ "ಇದು ಇಂಥವರ ಗಾಡಿ ಅಲ್ವಾ?" ಅಂತ ಮಾತ್ರ ಕೇಳಬೇಡಿ. ಪಾಪ, ವಯಸ್ಸಾದವರು, ಪ್ರೀತಿಯಿಂದ ಹೌದು ಅಂದುಬಿಡುತ್ತಾರೆ. ಸುಮ್ನೆ ರೋಲ್ ಬಾರ್ (ಡ್ರೈವರ್ ತಲೆ ಕಾಯುವ ಪೈಪಿನ ಕಮಾನು) ಫೋಟೋ ಕೈಗೆ ಕೊಟ್ಟು, "ಈ ಕೆಲಸ ಯಾರದ್ದು ಅನಿಸುತ್ತೆ?" ಅಂತ ಕೇಳಿ. ಇಬ್ಬರು ಬೇರೆ ಬೇರೆ ಕಡೆ ಕೂತು ಒಂದೇ ಹೆಸರು ಹೇಳಿದರೆ ಅದಕ್ಕೆ ತೂಕ ಇದೆ.

ಫ್ರೀಮಾಂಟ್ ಕನ್ನಡಿಗ:
ಇಬ್ಬರಿಗೂ ಧನ್ಯವಾದ. ದೊಡ್ಡ ಹೆಸರಿನ ಗಾಡಿ ಅಲ್ಲ ಅಂತ ಗೊತ್ತಾದರೂ ನನಗೆ ಇದರ ಮೇಲೆ ಪ್ರೀತಿ ಜಾಸ್ತಿಯೇ ಆಗಿದೆ. ನೀಲಿ ಬಣ್ಣದಲ್ಲಿ ಮತ್ತೆ ನಿಲ್ಲಿಸಬೇಕು ಅಂತ ಆಸೆ. ನಂಬರಿನ ಉಳಿದ ಅಂಕಿಗಾಗಿ ಇನ್ನೂ ತಿಕ್ಕಬಹುದಾ?

ಹಳೇ ಕಬ್ಬಿಣ:
ಬೇಡ ಸರ್, ಅಷ್ಟಕ್ಕೇ ನಿಲ್ಲಿಸಿ. ಸಂಜೆ ಹೊತ್ತು ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ, ಬಣ್ಣ ಹೋಗಿದ್ದರೂ ಅಕ್ಷರದ ಅಂಚು ಕೆಲವೊಮ್ಮೆ ನೆರಳಾಗಿ ಏಳುತ್ತದೆ. ಬಲಗಡೆಯ ಪೇಂಟ್ ಮುಟ್ಟಲೇಬೇಡಿ. ನಾಳೆ ಹಳೇ ಫೋಟೋ ಒಂದು ಸಿಕ್ಕಿ, ಅದು ಬಲಗಡೆಯಿಂದ ತೆಗೆದದ್ದಾಗಿದ್ದರೆ ತಾಳೆ ನೋಡೋಕೆ ಅದು ಬೇಕಾಗುತ್ತದೆ.