‘ಹೊಣೆ’, ‘ಜವಾಬ್ದಾರಿ’, ‘ಉತ್ತರದಾಯಿತ್ವ’: ಅಣುಸ್ಥಾವರದ ಅವಘಡದ ಬಗ್ಗೆ ಬರೆಯುವಾಗ ಯಾವುದು ಎಲ್ಲಿಗೆ?

ಮಾನ್ಯರೆ,

ಅಣುವಿದ್ಯುತ್ ಸ್ಥಾವರದಲ್ಲಿ ಅವಘಡ ನಡೆದ ಮೇಲೆ ಸರ್ಕಾರದ ಪಾತ್ರವೇನು ಎಂಬುದನ್ನು ಕನ್ನಡದಲ್ಲಿ ಬರೆಯುವಾಗ ‘ಹೊಣೆ’ ಎಂಬ ಒಂದು ಪದದ ಮೇಲೆ ನಾವು ನಾಲ್ಕು ಅರ್ಥಗಳನ್ನು ಹೇರುತ್ತಿದ್ದೇವೆ. ಸುರಕ್ಷತೆಯನ್ನು ನೋಡಿಕೊಳ್ಳಬೇಕಾಗಿದ್ದ ಕರ್ತವ್ಯವೂ ಹೊಣೆ, ಅವಘಡಕ್ಕೆ ಕಾರಣವಾದ ತಪ್ಪೂ ಹೊಣೆ, ನಷ್ಟ ತುಂಬಿಕೊಡಬೇಕಾದ ಕಾನೂನಿನ ಭಾರವೂ ಹೊಣೆ, ಮಾಡಿದ್ದಕ್ಕೂ ಮಾಡದೆ ಬಿಟ್ಟದ್ದಕ್ಕೂ ಜನರ ಮುಂದೆ ವಿವರಣೆ ಕೊಡಬೇಕಾದದ್ದೂ ಹೊಣೆ. ಬೇರೆ ಸಂದರ್ಭಗಳಲ್ಲಿ ಓದುಗರು ಅರ್ಥವನ್ನು ಹೇಗೋ ಹೊಂದಿಸಿಕೊಳ್ಳುತ್ತಾರೆ. ಅಣುಸ್ಥಾವರದ ವಿಷಯದಲ್ಲಾದರೋ ಈ ನಾಲ್ಕು ಭಾರಗಳು ಬೇರೆ ಬೇರೆಯವರ ಹೆಗಲಿಗೆ ಬೀಳುವುದರಿಂದ, ಪದ ಕಲಸಿಹೋದರೆ ಸಂಗತಿಯೇ ತಪ್ಪಾಗಿ ತಲುಪುತ್ತದೆ.

ಫುಕುಶಿಮಾ ದೈಇಚಿ ಸ್ಥಾವರದ ಉದಾಹರಣೆಯನ್ನೇ ನೋಡಬಹುದು. 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯ ನಂತರ ಅಲ್ಲಿ ನಡೆದದ್ದನ್ನು ತನಿಖೆ ಮಾಡಲು ಜಪಾನಿನ ಸಂಸತ್ತು ನೇಮಿಸಿದ ಸ್ವತಂತ್ರ ಆಯೋಗವು 2012ರ ಜುಲೈನಲ್ಲಿ ಕೊಟ್ಟ ವರದಿಯಲ್ಲಿ, ಇದು ಮನುಷ್ಯರೇ ತಂದುಕೊಂಡ ದುರಂತವೆಂದೂ ಸರ್ಕಾರ, ನಿಯಂತ್ರಕ ಸಂಸ್ಥೆ ಮತ್ತು ಸ್ಥಾವರ ನಡೆಸುತ್ತಿದ್ದ ಟೆಪ್ಕೊ ಕಂಪನಿ ಒಳಗೊಳಗೇ ಕೈಜೋಡಿಸಿದ್ದರ ಫಲವೆಂದೂ ಹೇಳಿತು. ಆದರೆ 2022ರ ಜೂನ್ 17ರಂದು ಆ ದೇಶದ ಸುಪ್ರೀಂ ಕೋರ್ಟ್, ಊರು ಬಿಟ್ಟು ಹೋಗಬೇಕಾಗಿ ಬಂದ ನಿವಾಸಿಗಳ ದಾವೆಗಳಲ್ಲಿ ಸರ್ಕಾರವು ಪರಿಹಾರ ಕೊಡಬೇಕಾಗಿಲ್ಲ ಎಂದು ತೀರ್ಪಿತ್ತಿತು. ಸುನಾಮಿ ತಡೆಯುವ ಕ್ರಮಗಳಿಗೆ ಸರ್ಕಾರ ಮೊದಲೇ ಆದೇಶಿಸಿದ್ದರೂ, ಬಂದ ಸುನಾಮಿಯು ಅಂದಾಜನ್ನು ಬಹಳವಾಗಿ ಮೀರಿದ್ದರಿಂದ ಅವಘಡ ತಪ್ಪುತ್ತಿರಲಿಲ್ಲವೇನೋ ಎಂಬುದು ಬಹುಮತದ ತರ್ಕವಾಗಿತ್ತು. ಒಬ್ಬ ನ್ಯಾಯಮೂರ್ತಿಯವರು ಇದನ್ನು ಒಪ್ಪಲಿಲ್ಲ. ಈ ತೀರ್ಪನ್ನು ‘ಫುಕುಶಿಮಾ ಅವಘಡಕ್ಕೆ ಸರ್ಕಾರ ಹೊಣೆಯಲ್ಲ’ ಎಂದು ಕನ್ನಡದಲ್ಲಿ ಬರೆದರೆ ವ್ಯಾಕರಣದ ತಪ್ಪಿಲ್ಲ, ಕಾನೂನಿನ ತಪ್ಪೂ ಇಲ್ಲ. ಆದರೂ ಸರ್ಕಾರದ ಕಡೆಯಿಂದ ತಪ್ಪೇ ನಡೆದಿರಲಿಲ್ಲ, ಅದು ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಎಂಬ ಅರ್ಥವೇ ಓದುಗರಿಗೆ ಮೊದಲು ತೋರುತ್ತದೆ. ನ್ಯಾಯಾಲಯ ತೀರ್ಮಾನಿಸಿದ್ದು ಪರಿಹಾರದ ಪ್ರಶ್ನೆಯನ್ನು. ಆಯೋಗ ಕೇಳಿದ್ದು ಬೇರೆಯದೇ ಪ್ರಶ್ನೆಯನ್ನು.

ಭಾರತದ ಸಂಸತ್ತು 2010ರಲ್ಲಿ ಅಂಗೀಕರಿಸಿದ ಪರಮಾಣು ಹಾನಿಯ ನಾಗರಿಕ ಹೊಣೆಗಾರಿಕೆ ಕಾಯ್ದೆಯಲ್ಲಿ ಇದಕ್ಕೆ ತಿರುವುಮುರುವಾದ ವ್ಯವಸ್ಥೆಯಿತ್ತು. ವಿದ್ಯುತ್ ಸ್ಥಾವರ ನಡೆಸುವವರ ಭಾರಕ್ಕೆ 1,500 ಕೋಟಿ ರೂಪಾಯಿಯ ಮಿತಿ ಹಾಕಿ, ಅದನ್ನು ಮೀರಿದ ಹಾನಿಯನ್ನು ಮತ್ತೊಂದು ಮಿತಿಯವರೆಗೆ ಕೇಂದ್ರ ಸರ್ಕಾರವೇ ಹೊರಬೇಕೆಂದು ಅದು ವಿಧಿಸಿತ್ತು. ಅಂದರೆ ಅಲ್ಲಿ ಸರ್ಕಾರ ತಪ್ಪು ಮಾಡದಿದ್ದರೂ ಹೊಣೆ. ಜಪಾನಿನಲ್ಲಿ ಆಯೋಗವು ಸರ್ಕಾರದ ಕಡೆ ಬೆರಳು ತೋರಿದರೂ ಅದು ಹೊಣೆಯಲ್ಲ. ಒಂದೇ ಪದ ಈ ಎರಡನ್ನೂ ಹೇಳುತ್ತದೆಂದರೆ ಬರೆಯುವವರು ಎಚ್ಚರ ವಹಿಸಲೇಬೇಕು.

ಪದಗಳ ಹಿನ್ನೆಲೆಯನ್ನು ನೋಡಿದರೆ ‘ಹೊಣೆ’ಯು ಪರಿಹಾರದ ಅರ್ಥಕ್ಕೇ ಹೆಚ್ಚು ಹತ್ತಿರವಾಗಿದೆ. ಹಳೆಯ ಬಳಕೆಯಲ್ಲಿ ಹೊಣೆ ಎಂದರೆ ಜಾಮೀನು. ಹೊಣೆಗಾರನೆಂದರೆ ಇನ್ನೊಬ್ಬನ ಪರವಾಗಿ ನಿಂತು, ಅವನು ತಪ್ಪಿದರೆ ತಾನು ತೆರುವವನು. ಕಾನೂನಿನ ಬರವಣಿಗೆಯಲ್ಲಿ ‘ಹೊಣೆಗಾರಿಕೆ’ಯು ಲಯಬಿಲಿಟಿಗೆ ಸಲ್ಲುತ್ತಿರುವುದು ಆದ್ದರಿಂದ ಸರಿಯೇ. ‘ಜವಾಬ್ದಾರಿ’ಯ ಕಥೆ ಇನ್ನೂ ಸ್ವಾರಸ್ಯಕರವಾದುದು. ಅರಬ್ಬಿಯಿಂದ ಪಾರಸಿಯ ಮೂಲಕ ಬಂದ ‘ಜವಾಬು’ ಎಂದರೆ ಉತ್ತರ. ಜವಾಬ್ದಾರ ಎಂದರೆ ಮೂಲದಲ್ಲಿ ಉತ್ತರ ಹೇಳಬೇಕಾದವನೇ. ಕನ್ನಡದಲ್ಲಿ ಆ ಉತ್ತರದ ನೆನಪು ಮಾಸಿ, ವಹಿಸಿಕೊಂಡ ಕೆಲಸ ಎಂಬ ಅರ್ಥ ಉಳಿಯಿತು. ಕಳೆದುಹೋದ ಅರ್ಥವನ್ನು ತುಂಬಲು ಅದನ್ನೇ ಸಂಸ್ಕೃತದಲ್ಲಿ ಮರಳಿ ಕಟ್ಟಿದಂತೆ ‘ಉತ್ತರದಾಯಿತ್ವ’ ಬಂದಿತು. ಹಿಂದಿಯಲ್ಲಿ ಇದು ಉಲ್ಟಾ ಆಗಿದೆ ಎಂಬುದನ್ನು ಅನುವಾದಕರು ಗಮನಿಸಬೇಕು: ಅಲ್ಲಿ ‘ಉತ್ತರದಾಯಿತ್ವ’ ಎಂದರೆ ನಮ್ಮ ಜವಾಬ್ದಾರಿ; ಅಕೌಂಟಬಿಲಿಟಿಗೆ ಅವರು ‘ಜವಾಬ್‌ದೇಹಿ’ ಎನ್ನುತ್ತಾರೆ. ದೆಹಲಿಯಿಂದ ಬರುವ ಹಿಂದಿ ಪ್ರಕಟಣೆಯನ್ನು ಪದಕ್ಕೆ ಪದವಿಟ್ಟು ಕನ್ನಡಿಸಿದಾಗ, ಕೇವಲ ಕರ್ತವ್ಯವನ್ನು ಹೇಳಿದ್ದು ಉತ್ತರ ಕೊಡುವ ವಾಗ್ದಾನವಾಗಿ ಕಾಣುವ ಅಪಾಯವಿದೆ.

ಇವುಗಳನ್ನು ಬೇರ್ಪಡಿಸಲು ಚತುರ್ಥಿ ವಿಭಕ್ತಿಯ ಪರೀಕ್ಷೆಯೊಂದನ್ನು ಸೂಚಿಸಬಯಸುತ್ತೇನೆ. ಹೊಣೆಯು ಸಾಮಾನ್ಯವಾಗಿ ಸಂಗತಿಗೆ ಅಂಟಿಕೊಳ್ಳುತ್ತದೆ: ಸೋರಿಕೆಗೆ ಹೊಣೆ, ನಷ್ಟಕ್ಕೆ ಹೊಣೆ. ಉತ್ತರದಾಯಿತ್ವಕ್ಕೆ ಎದುರಿಗೊಬ್ಬ ಕೇಳುವವನು ಬೇಕು: ಸಂಸತ್ತಿಗೆ ಉತ್ತರದಾಯಿ, ಜನರಿಗೆ ಉತ್ತರದಾಯಿ. ಮಂತ್ರಿಮಂಡಲವು ಲೋಕಸಭೆಗೆ ಸಾಮೂಹಿಕವಾಗಿ ಹೊಣೆ ಎಂದು ನಾವು ಬರೆಯುತ್ತಲೇ ಬಂದಿದ್ದೇವಲ್ಲ ಎಂಬ ಆಕ್ಷೇಪಣೆ ಬರಬಹುದು. ಅದು ರೂಢಿಯಾಗಿರುವುದು ನಿಜ. ಆದರೂ ಅಲ್ಲಿ ‘ಹೊಣೆ’ ಮಾಡುತ್ತಿರುವುದು ಇನ್ನೊಂದು ಪದದ ಕೆಲಸವನ್ನು ಎಂದೇ ನನ್ನ ಅಭಿಪ್ರಾಯ.

ಪತ್ರಿಕೆಗಳಿಗೆ ಪ್ರಿಯವಾದ ‘ನೈತಿಕ ಹೊಣೆ ಹೊತ್ತು ರಾಜೀನಾಮೆ’ ಎಂಬ ನುಡಿಗಟ್ಟು ಈ ಗೊಂದಲವನ್ನು ಮತ್ತಷ್ಟು ಹೆಚ್ಚಿಸಿದೆ. ರಾಜೀನಾಮೆ ಗೌರವದ ನಡೆಯಿರಬಹುದು. ಆದರೆ ಯಾರಿಗೆ ಯಾವ ಎಚ್ಚರಿಕೆ ಯಾವಾಗ ತಲುಪಿತ್ತು, ಅದನ್ನು ಯಾರು ಬದಿಗಿಟ್ಟರು ಎಂಬ ಪ್ರಶ್ನೆಗಳಿಗೆ ಅದು ಉತ್ತರವಲ್ಲ, ಎಷ್ಟೋ ವೇಳೆ ಆ ಪ್ರಶ್ನೆಗಳನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತದೆ.

ಇನ್ನು ನಡೆದದ್ದನ್ನು ಏನೆಂದು ಕರೆಯಬೇಕು? ಅಣುಸ್ಥಾವರಗಳಲ್ಲಿ ನಡೆದದ್ದರ ತೀವ್ರತೆಯನ್ನು ಅಳೆಯಲು 1990ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಮಾಪಕದಲ್ಲಿ 1ರಿಂದ 3ರವರೆಗಿನ ಹಂತಗಳು ‘ಇನ್ಸಿಡೆಂಟ್’, 4ರಿಂದ 7ರವರೆಗಿನವು ‘ಆಕ್ಸಿಡೆಂಟ್’. ಮೊದಲನೆಯದಕ್ಕೆ ‘ಘಟನೆ’ ಎಂದೂ ಎರಡನೆಯದಕ್ಕೆ ‘ಅವಘಡ’ ಎಂದೂ ಬಳಸುವುದು ನನಗೆ ಒಪ್ಪಿಗೆ. ‘ಅಪಘಾತ’ ಎಂದೊಡನೆ ಮನಸ್ಸು ರಸ್ತೆಯ ಕಡೆಗೆ ಹೋಗುತ್ತದೆ. ಆದರೆ ‘ಘಟನೆ’ ತೀರ ತಣ್ಣಗಿನ ಪದ, ಅಧಿಕಾರದಲ್ಲಿರುವವರಿಗೆ ಅದರ ತಂಪು ಬೇಕಾಗಿಯೂ ಇರುತ್ತದೆ. 2011ರ ಮಾರ್ಚ್ 12ರಂದು ಫುಕುಶಿಮಾದ ಒಂದನೇ ರಿಯಾಕ್ಟರ್ ಕಟ್ಟಡದಲ್ಲಿ ಸ್ಫೋಟವಾದಾಗ ಜಪಾನ್ ಸರ್ಕಾರದ ವಕ್ತಾರರಾಗಿದ್ದ ಯುಕಿಯೊ ಎದಾನೊ ಅವರು ಅದನ್ನು ಸ್ಫೋಟವೆನ್ನದೆ ‘ಸ್ಫೋಟದಂತಹ ವಿದ್ಯಮಾನ’ ಎಂಬರ್ಥದ ಮಾತಿನಲ್ಲಿ ಹೇಳಿದರು. ರಿಯಾಕ್ಟರಿನ ಗರ್ಭ ಕರಗಿತ್ತೆಂಬುದನ್ನು ಟೆಪ್ಕೊ ಒಪ್ಪಿಕೊಂಡದ್ದು ಎರಡು ತಿಂಗಳ ನಂತರ. ‘ಕರಗುವಿಕೆ’ ಎಂಬ ಪದವನ್ನೇ ಬಳಸಬೇಡಿ ಎಂದು ಆ ಕಂಪನಿಯ ಆಗಿನ ಅಧ್ಯಕ್ಷರು ಸೂಚಿಸಿದ್ದ ಸಂಗತಿ ಹೊರಬಂದದ್ದು 2016ರಲ್ಲಿ. ಹಾಗಾಗಿ ಮಾಪಕದ ಹಂತ ಪ್ರಕಟವಾಗುವ ಮೊದಲೇ ‘ಘಟನೆ’ ಎಂದು ಬರೆಯುವುದು ತಟಸ್ಥ ಬರವಣಿಗೆ ಎಂದು ನಾನು ಒಪ್ಪುವುದಿಲ್ಲ. ಫುಕುಶಿಮಾವನ್ನು ಮೊದಲು 4ನೇ ಹಂತದಲ್ಲಿಟ್ಟು, ಬಳಿಕ 5ಕ್ಕೇರಿಸಿ, ಏಪ್ರಿಲ್ 12ರಂದು 7ಕ್ಕೆ ಒಯ್ದರು.

ನನ್ನ ಪ್ರಶ್ನೆಗಳಿಷ್ಟು. ಕರ್ತವ್ಯಕ್ಕೆ ‘ಜವಾಬ್ದಾರಿ’, ಪರಿಹಾರಕ್ಕೆ ‘ಹೊಣೆಗಾರಿಕೆ’, ವಿವರಣೆ ಕೊಡಬೇಕಾದದ್ದಕ್ಕೆ ‘ಉತ್ತರದಾಯಿತ್ವ’ ಎಂದು ಗೆರೆ ಎಳೆದುಕೊಂಡರೆ, ತಪ್ಪಿನ ಭಾಗಕ್ಕೆ ‘ಹೊಣೆ’ಯನ್ನು ಉಳಿಸಿಕೊಳ್ಳಬೇಕೋ ಅಥವಾ ನೇರವಾಗಿ ‘ತಪ್ಪು’ ಎಂದೇ ಬರೆಯಬೇಕೋ? ಉತ್ತರದಾಯಿತ್ವವು ಭಾಷಣದ ಪದವಾಗಿಯೇ ಉಳಿದಿರುವುದರಿಂದ ಅದರ ಬದಲು ‘ಲೆಕ್ಕ ಒಪ್ಪಿಸು’ ಎಂಬ ಕ್ರಿಯಾಪದವನ್ನು ಬಳಸಬಹುದೇ, ಇಲ್ಲವೇ ಅದಕ್ಕೆ ಹಣಕಾಸಿನ ವಾಸನೆ ಬಹಳವಾಯಿತೇ? ಕೊನೆಯದಾಗಿ, 2010ರ ಕಾಯ್ದೆಯಲ್ಲಿ ‘ನ್ಯೂಕ್ಲಿಯರ್ ಇನ್ಸಿಡೆಂಟ್’ ಎಂಬುದು ಮಾಪಕದ ಸಣ್ಣ ಹಂತಗಳಿಗೆ ಸೀಮಿತವಾಗಿರದೆ, ಪರಮಾಣು ಹಾನಿ ಉಂಟುಮಾಡುವ ಎಷ್ಟೇ ದೊಡ್ಡ ದುರಂತವನ್ನೂ ಒಳಗೊಂಡಿತ್ತು. ಅಂಥ ಕಡೆ ‘ಪರಮಾಣು ಘಟನೆ’ ಎಂದು ಬರೆದರೆ ಅರ್ಥ ಕುಗ್ಗುತ್ತದೆ, ‘ಪರಮಾಣು ಅವಘಡ’ ಎಂದರೆ ಮಾಪಕದ ಪದದೊಡನೆ ತೊಡಕಾಗುತ್ತದೆ. ನ್ಯಾಯಾಲಯದ ಕನ್ನಡವನ್ನು ಬಲ್ಲವರು ಇದಕ್ಕೆ ಏನು ಬಳಸುತ್ತಾರೆಂದು ತಿಳಿಸಬೇಕಾಗಿ ವಿನಂತಿ.