ಸಹಾಯ ಬೇಕು: ಬಸುರಿ ತಂಗಿ ಅಂಜಲ್ ಮೀನು ತಿನ್ನಬಹುದಾ?

ತಂಗಿಗೆ ಈಗ 5 ತಿಂಗಳು. ಮನೆ ಮಲ್ಪೆ ಹತ್ತಿರ, ಮೀನಿಲ್ಲದೆ ಅವಳಿಗೆ ಊಟ ಸೇರುವುದಿಲ್ಲ. ಅದರಲ್ಲೂ ಅಂಜಲ್ ಅಂದರೆ ಪ್ರಾಣ. ನಿನ್ನೆ ಕಾವಲಿಯ ಮೇಲೆ ತುಂಡು ಚುರುಗುಟ್ಟುತ್ತಿತ್ತು, ಅವಳು ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಮಗುವಿನ ಮೆದುಳಿಗೆ ಮೀನಿನ ಒಮೆಗಾ-3 ಬೇಕು, ಪೂರ್ತಿ ಬಿಡಿಸುವುದೂ ತಪ್ಪು ಅಲ್ವಾ? ಆದರೆ ಅಂಜಲ್‌ನಂತೆ ಸಣ್ಣ ಮೀನು ತಿಂದು ಬದುಕುವ ದೊಡ್ಡ ಮೀನುಗಳಲ್ಲಿ ಪಾದರಸ ಜಾಸ್ತಿ ಸೇರುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬಸುರಿಯರಿಗೆ ಪಾದರಸ ಕಡಿಮೆ ಇರುವ ಮೀನು ವಾರಕ್ಕೆ 225ರಿಂದ 340 ಗ್ರಾಂ ತಿನ್ನಿ ಎನ್ನುತ್ತದೆ.

ಬೂತಾಯಿ, ಬಂಗುಡೆಯಂಥ ಸಣ್ಣ ಮೀನಿಗೆ ಬದಲಾಯಿಸಿದರೆ ಸಾಕಾ? ಅಂಜಲ್ ತಿಂಗಳಿಗೊಮ್ಮೆ ಒಂದು ತುಂಡು ಪರವಾಗಿಲ್ಲವಾ? ಡಾಕ್ಟರ್‌ಗಳು, ಆಹಾರ ತಜ್ಞರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಮುಂದಿನ ಚೆಕಪ್‌ಗೆ ಇನ್ನೂ 3 ವಾರ ಇದೆ.